ಫ್ರಾನ್ಸಿನ ಹಳ್ಳಿಗಾಡಿನ ತೋಟಗಳು: ಎಂಟು ದಿನಕ್ಕೆ ಹದಿನಾಲ್ಕು ಬೇಕಾ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಾಲಾ ಶಿಕ್ಷಕಿ. ಮಗ ಪ್ಯಾರಿಸ್‌ನಲ್ಲಿ ಕೆಲಸದಲ್ಲಿದ್ದಾನೆ. ಮುಂದಿನ ಜೂನ್‌ನಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುತ್ತಿದ್ದೇವೆ. ನನಗೆ ಗಿಡಗಳೆಂದರೆ ಪ್ರಾಣ. ತಾರಸಿ ತುಂಬ ಕುಂಡಗಳಿವೆ. ಒಂದು ಪ್ರವಾಸ ಕಂಪನಿಯವರು ಗೈಡ್ ಸಮೇತ ‘ಫ್ರಾನ್ಸಿನ ಹಳೆಯ ಮತ್ತು ಹೊಸ ತೋಟಗಳು’ ಅಂತ ಪ್ರವಾಸ ಹಾಕಿದ್ದಾರೆ. ನಾರ್ಮಂಡಿ, ಲ್ವಾರ್ ಕಣಿವೆ, ದೋರ್ದೋನ್, ಪ್ರೊವಾನ್ಸ್ ಎಲ್ಲ ಸೇರಿ ಎಂಟು ದಿನ, ಹದಿನಾಲ್ಕು ತೋಟ. ಸೇರಬಹುದೇ? ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ? ಯಾವುದನ್ನು ನೋಡದೇ ಬರಬಾರದು? ಯಜಮಾನರು ಖಜಾನೆ ಇಲಾಖೆಯಲ್ಲಿದ್ದವರು. ಮಂಡಿನೋವಿದೆ, ಗಿಡದ ಹುಚ್ಚಿಲ್ಲ. ಅವರಿಗೆ ಬೇಜಾರಾಗುವುದಿಲ್ಲವೇ?

ಉತ್ತರ: ಟೀಚರ್, ಯಜಮಾನರ ಇಲಾಖೆಯ ರೀತಿಯಲ್ಲೇ ಮೊದಲು ಲೆಕ್ಕ ಹಾಕೋಣ. ಪ್ಯಾರಿಸ್‌ನಿಂದ ನಾರ್ಮಂಡಿ, ಅಲ್ಲಿಂದ ಲ್ವಾರ್, ಮತ್ತೆ ದಕ್ಷಿಣಕ್ಕೆ ದೋರ್ದೋನ್, ಅಲ್ಲಿಂದ ಪೂರ್ವಕ್ಕೆ ಪ್ರೊವಾನ್ಸ್. ಬಸ್ಸಿನಲ್ಲೇ 1,000 ಕಿಲೋಮೀಟರ್ ದಾಟಿಬಿಡುತ್ತದೆ. ದಿನಕ್ಕೆ ಹತ್ತಿರಹತ್ತಿರ ಎರಡು ತೋಟ. ಬಸ್ಸು, ಊಟ, ಹೋಟೆಲ್‌ನಲ್ಲಿ ಪೆಟ್ಟಿಗೆ ಇಳಿಸಿ ಏರಿಸೋದು ಎಲ್ಲ ಕಳೆದರೆ ಒಂದೊಂದು ತೋಟಕ್ಕೆ ಒಂದು ಗಂಟೆ ಸಿಕ್ಕರೆ ಪುಣ್ಯ. ಇಂಥದ್ದೇ ಒಂದು ಗುಂಪಿನ ಜತೆ ನಾನೂ ಒಮ್ಮೆ ಹೋಗಿದ್ದೆ. ಮುಂದೆ ಗೈಡಿನ ಹಳದಿ ಕೊಡೆ, ಹಿಂದೆ ನಾವು. ನಾಲ್ಕನೇ ದಿನದ ಹೊತ್ತಿಗೆ ಯಾವ ಕೊಳ ಯಾವ ಊರಿನದ್ದು ಅಂತ ಯಾರಿಗೂ ನೆನಪಿರಲಿಲ್ಲ. ಫೋನಿನಲ್ಲಿ ಫೋಟೋ ಮಾತ್ರ ಜಾಸ್ತಿಯಾಗಿದ್ದವು.

ಹಾಗಾಗಿ ಈ ಪ್ರವಾಸ ಬೇಡ. ಆದರೆ ತೋಟಗಳನ್ನು ಬಿಡಬೇಡಿ. ಐದು ಸಾಕು. ಪ್ಯಾರಿಸ್‌ನಲ್ಲೇ ಮಗನ ಮನೆ ಇರೋದರಿಂದ ಇವನ್ನು ನೀವೇ ರೈಲು, ಟ್ಯಾಕ್ಸಿ ಹಿಡಿದು ನೋಡಬಹುದು. ನನ್ನ ಪಟ್ಟಿ: ವಿಲಾಂದ್ರಿ, ಶೋಮೋಂ, ಜಾರ್ದಾಂ ಪ್ಲೂಮ್, ಜಿವೆರ್ನಿ, ವೋ-ಲ-ವಿಕೋಂತ್. ವರ್ಸೈ ಅರಮನೆಯ ತೋಟ ಹಳ್ಳಿಗಾಡಿನದ್ದಲ್ಲವಾದ್ದರಿಂದ ಬಿಟ್ಟಿದ್ದೇನೆ, ಅದಕ್ಕೆ ನಿಮ್ಮ ಮಗ ಹೇಗೂ ಕರೆದುಕೊಂಡು ಹೋಗುತ್ತಾನೆ. ಹೋದಾಗ ಒಂದು ವಿಷಯ ನೆನಪಿರಲಿ. 1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಫ್ರಾನ್ಸಿನ ರಾಜ 16ನೇ ಲೂಯಿಯನ್ನು ಕಂಡದ್ದು ಅಲ್ಲೇ. ಬ್ರಿಟಿಷರ ವಿರುದ್ಧ ಸೈನ್ಯದ ನೆರವು ಕೇಳಲು ಹೋದವರು ಕುಶಲಕರ್ಮಿಗಳನ್ನು, ತೋಟಗಾರರನ್ನು, ಗಿಡ-ಬೀಜಗಳನ್ನೂ ಕೇಳಿದ್ದರು. ಶ್ರೀರಂಗಪಟ್ಟಣದ ಕಡೆಯವರಿಗೆ ಆ ಕಾಲದಲ್ಲೂ ಗಿಡದ ಹುಚ್ಚು ಇತ್ತು ಅನ್ನಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹಳೆಯದು ಯಾವುದು, ಹೊಸದು ಯಾವುದು? ಇಷ್ಟು ವರ್ಷ ತೋಟಗಳನ್ನು ನೋಡಿದ ಮೇಲೆ ನನಗನಿಸಿದ್ದು: ಫ್ರಾನ್ಸಿನಲ್ಲಿ ನಿಮಗೆ ‘ಹಳೆಯದು’ ಅಂತ ತೋರಿಸುವ ತೋಟಗಳಲ್ಲಿ ಬಹಳಷ್ಟು ನಿಮ್ಮಜ್ಜನಿಗಿಂತ ಚಿಕ್ಕವು. ಕಲ್ಲಿನ ಕಟ್ಟಡ ಸುಮ್ನೆ ಬಿಟ್ಟರೂ ನೂರು ವರ್ಷ ನಿಂತಿರುತ್ತದೆ. ತೋಟ ಹಾಗಲ್ಲ. ಮೂರು ವರ್ಷ ಕತ್ತರಿ ಆಡದಿದ್ದರೆ ಬೇಲಿ ಕಾಡಾಗುತ್ತದೆ. ಹತ್ತು ವರ್ಷ ಬಿಟ್ಟರೆ ಪಾತಿ ಎಲ್ಲಿತ್ತು ಅಂತ ಹುಡುಕಬೇಕು. ಅದೂ ಅಲ್ಲದೆ 18ನೇ ಶತಮಾನದ ಕೊನೆಗೆ ಫ್ರೆಂಚ್ ಸಿರಿವಂತರಿಗೆ ಇಂಗ್ಲಿಷ್ ಮಾದರಿಯ ಗೀಳು ಹತ್ತಿತು. ಅಳತೆ ಹಿಡಿದು ಮಾಡಿದ್ದ ಪಾತಿಗಳನ್ನು ಅಳಿಸಿ, ಹುಲ್ಲು, ಡೊಂಕು ದಾರಿ, ಅಲ್ಲೊಂದು ಇಲ್ಲೊಂದು ಮರ ಇರುವ ಪಾರ್ಕು ಮಾಡಿದರು. ಮುಂದೆ 19ನೇ ಶತಮಾನದ ಕೊನೆಗೂ 20ನೇ ಶತಮಾನದಲ್ಲೂ ಬಂದವರು ಆ ಪಾರ್ಕುಗಳನ್ನು ಕಿತ್ತು ಹಳೆಯ ಗೆರೆಗಳನ್ನು ಮತ್ತೆ ಎಳೆದರು. ಈಗ ನಾವು ನೋಡೋದು ಹೆಚ್ಚಾಗಿ ಈ ಎರಡನೇ ಸಲ ಎಳೆದ ಗೆರೆ.

ಇದಕ್ಕೆ ಒಳ್ಳೆಯ ಉದಾಹರಣೆ ವಿಲಾಂದ್ರಿ. ತೂರ್ ನಗರದಿಂದ ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರ್. ಅರಮನೆ ಕಟ್ಟಿಸಿದವನು 1ನೇ ಫ್ರಾನ್ಸ್ವಾ ರಾಜನ ಹಣಕಾಸು ಮಂತ್ರಿ ಜಾಂ ಲ ಬ್ರೆತೋಂ, 1536ರ ಸುಮಾರಿಗೆ. ಅರಮನೆ ಹಳೆಯದೇ. ತೋಟ? 1906ರಲ್ಲಿ ಸ್ಪೇನ್ ಮೂಲದ ವೈದ್ಯ ಜೋಆಕಿಂ ಕಾರ್ವಾಲೊ ಮತ್ತು ಅವರ ಅಮೆರಿಕನ್ ಹೆಂಡತಿ ಆನ್ ಕೋಲ್ಮನ್ ಈ ಜಾಗ ಕೊಂಡಾಗ ಸುತ್ತಲೂ ಇದ್ದದ್ದು ಇಂಗ್ಲಿಷ್ ಪಾರ್ಕು. ಕಾರ್ವಾಲೊ ಸಂಶೋಧನೆಯ ಕೆಲಸ ಬಿಟ್ಟು, 16ನೇ ಶತಮಾನದ ಕೆತ್ತನೆ ಚಿತ್ರಗಳನ್ನು ಮುಂದಿಟ್ಟುಕೊಂಡು, ಅರಮನೆಗೆ ಒಪ್ಪುವಂಥ ತೋಟವನ್ನು ಹೊಸದಾಗಿ ಹಾಕಿಸಿದರು. ಈಗಲೂ ಅದೇ ಮನೆತನದ ಕೈಯಲ್ಲಿದೆ. ‘ನವೋದಯ ಕಾಲದ ತೋಟ’ ಅಂತ ಪೋಸ್ಟ್‌ಕಾರ್ಡ್‌ನಲ್ಲಿ ಬರೆದಿರುತ್ತದೆ. ನಿಜ ಹೇಳಬೇಕೆಂದರೆ ಅದು 20ನೇ ಶತಮಾನದ ಒಬ್ಬ ಹಟಮಾರಿ ಡಾಕ್ಟರ್ ಕಂಡ ಕನಸು. ಇದನ್ನು ಮೋಸ ಅಂತ ನಾನು ಹೇಳೋದಿಲ್ಲ. ನನಗೆ ಆ ಹಟವೇ ಇಷ್ಟ.

ವಿಲಾಂದ್ರಿಯಲ್ಲಿ ತೋಟ ಮೂರು ಹಂತದಲ್ಲಿದೆ. ಮೇಲೆ ಕೊಳ, ನಡುವೆ ಹೂವಿನ ಅಲಂಕಾರದ ಪಾತಿಗಳು, ಕೆಳಗೆ ತರಕಾರಿ. ನೀವು ಸೀದಾ ಕೆಳಗಿನದಕ್ಕೆ ಹೋಗಿ. ಅದಕ್ಕೆ ಫ್ರೆಂಚಿನಲ್ಲಿ ‘ಪೊತಾಜೆ’ ಅನ್ನುತ್ತಾರೆ. ‘ಪೊತಾಜ್’ ಅಂದರೆ ಸೂಪು, ಅಂದರೆ ಪಾತ್ರೆಗೆ ಹೋಗುವ ಸೊಪ್ಪು-ತರಕಾರಿ ಬೆಳೆಯುವ ಜಾಗ. ನಮ್ಮ ಹಿತ್ತಲು! ನಾವು ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವೆ, ಇವರು ಹಿತ್ತಲನ್ನೇ ತಂದು ಅರಮನೆಯ ಕಿಟಕಿ ಕೆಳಗೆ ಹಾಸಿದ್ದಾರೆ. ಒಂದೇ ಅಳತೆಯ ಒಂಬತ್ತು ಚೌಕ, ಒಂದೊಂದರಲ್ಲೂ ಬೇರೆ ರಂಗೋಲಿ. ಕೆಂಪು ಎಲೆಕೋಸು, ನೀಲಿ ಛಾಯೆಯ ಲೀಕ್, ಬೀಟ್‌ರೂಟ್, ತಿಳಿಹಸಿರು ಕ್ಯಾರೆಟ್ ಸೊಪ್ಪು, ಹೀಗೆ ಸುಮಾರು 40 ಬಗೆ. ಬಣ್ಣ ನೋಡಿ ಮಾತ್ರ ನೆಡೋದಿಲ್ಲ. ಒಂದೇ ಕುಲದ ತರಕಾರಿ ಸತತವಾಗಿ ಒಂದೇ ಚೌಕಕ್ಕೆ ಬರಬಾರದು ಅಂತ ಬೆಳೆ ಸರದಿಯ ಲೆಕ್ಕವೂ ಇರುತ್ತದೆ. ರಾಗಿ ಹೊಲಕ್ಕೆ ಮರುವರ್ಷ ಅವರೆಯೋ ಹುರುಳಿಯೋ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ನಿಮಗೊಂದು ಎಚ್ಚರಿಕೆ, ಇದನ್ನು ಪ್ರವಾಸ ಕಂಪನಿಯವರು ಹೇಳೋದಿಲ್ಲ. ವಿಲಾಂದ್ರಿಯಲ್ಲಿ ವರ್ಷಕ್ಕೆ ಎರಡು ಸಲ ನಾಟಿ. ವಸಂತದ ನಾಟಿ ಮಾರ್ಚ್‌ನಿಂದ ಜೂನ್‌ವರೆಗೆ, ಬೇಸಿಗೆಯದ್ದು ಜೂನ್‌ನಿಂದ ನವೆಂಬರ್‌ವರೆಗೆ. ಜೂನ್ ಎರಡಕ್ಕೂ ಸೇರಿದ ತಿಂಗಳು. ನಡುವೆ ಹೋದರೆ ಕೆಲವು ಚೌಕ ಖಾಲಿ ಮಣ್ಣಾಗಿರಬಹುದು, ಕೆಲವು ಕಡೆ ಬೆರಳುದ್ದದ ಸಸಿ ಇರಬಹುದು. ಫೋಟೋ ಬೇಕಾದವರು ಜೂನ್ ಮೊದಲ ವಾರವೇ ಹೋಗಬೇಕು, ಇಲ್ಲವೇ ಆಗಸ್ಟ್ ಕಳೆದು. ಆದರೆ ತಾರಸಿಯಲ್ಲಿ ಕೈಯಾರೆ ಗಿಡ ಬೆಳೆಸುವ ನಿಮ್ಮಂಥವರಿಗೆ ಆ ಬದಲಾವಣೆಯ ದಿನಗಳೇ ಹಬ್ಬ. ನೂಲು ಕಟ್ಟಿ, ಹಲಗೆ ಮೇಲೆ ಮಂಡಿಯೂರಿ, ಗೆರೆ ತಪ್ಪದ ಹಾಗೆ ಸಸಿ ಊರುತ್ತಾ ಹೋಗುವುದನ್ನು ನಿಂತು ನೋಡಬಹುದು. ನಾನಂತೂ ಅರ್ಧ ದಿನ ಅಲ್ಲೇ ಕಳೆದಿದ್ದೇನೆ.

ತರಕಾರಿ ಮಾತು ಬಂದಾಗ ಇನ್ನೊಂದು ನೆನಪಾಯಿತು. ಫ್ರಾನ್ಸಿನ ಹಳ್ಳಿಗಳ ಹಿತ್ತಲಿನಲ್ಲಿ ಟೊಮೇಟೊ ಸಾಲಿನ ಪಕ್ಕ ನಮ್ಮ ಚೆಂಡುಹೂ ಕಾಣುತ್ತದೆ. ಬೇರಿನ ಜಂತುಹುಳು ಕಡಿಮೆಯಾಗಲಿ ಅಂತ ಹಾಕುತ್ತಾರೆ. ಅದರಲ್ಲಿ ಸಣ್ಣ ಜಾತಿಯದ್ದಕ್ಕೆ ಅವರು ಇಟ್ಟಿರುವ ಹೆಸರು ‘ಎಯ್ಯೆ ದಾಂದ್’. ‘ಇಂಡಿಯಾದ ಕಾರ್ನೇಷನ್’ ಅಂತ ಅರ್ಥ. ಪಾಪ, ಆ ಹೂವಿಗೂ ಇಂಡಿಯಾಕ್ಕೂ ಮೂಲದಲ್ಲಿ ಏನೂ ಸಂಬಂಧ ಇಲ್ಲ. ಅದು ಮೆಕ್ಸಿಕೋ ಕಡೆಯದು. ಆ ಕಾಲದಲ್ಲಿ ಅಮೆರಿಕವನ್ನೂ ‘ಇಂಡೀಸ್’ ಅನ್ನುತ್ತಿದ್ದರಲ್ಲ, ಆ ಗೊಂದಲದ ಹೆಸರು. ನಾವು ಆಯುಧಪೂಜೆಗೆ ಗಾಡಿಗಳಿಗೆ ಕಟ್ಟುವ ಹೂವೂ ಆ ಕಡೆಯಿಂದಲೇ ಬಂದದ್ದು.

ವಿಲಾಂದ್ರಿಯಿಂದ ಲ್ವಾರ್ ನದಿ ಹಿಡಿದು ಮೇಲಕ್ಕೆ, ಪೂರ್ವಕ್ಕೆ ಬಂದರೆ ಶೋಮೋಂ-ಸುರ್-ಲ್ವಾರ್. ಹೊಸ ತೋಟ ಅಂದರೆ ಏನು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. 1992ರಿಂದ ಪ್ರತಿವರ್ಷ ಇಲ್ಲಿ ಅಂತರರಾಷ್ಟ್ರೀಯ ತೋಟಗಳ ಉತ್ಸವ ನಡೆಯುತ್ತದೆ, ಏಪ್ರಿಲ್ ಕೊನೆಯಿಂದ ನವೆಂಬರ್ ಆರಂಭದವರೆಗೆ. ವರ್ಷಕ್ಕೊಂದು ವಿಷಯ ಕೊಡುತ್ತಾರೆ. 2023ರಲ್ಲಿ ‘ಬಿದ್ದರೂ ಏಳುವ ತೋಟ’ ಅನ್ನುವಂಥ ವಿಷಯ ಇತ್ತು. ಬಂದ ಅರ್ಜಿಗಳಲ್ಲಿ ಇಪ್ಪತ್ತು ಚಿಲ್ಲರೆ ತಂಡಗಳನ್ನು ಆರಿಸಿ, ಒಬ್ಬೊಬ್ಬರಿಗೆ ಬೇಲಿ ಹಾಕಿದ ಒಂದೊಂದು ಸಣ್ಣ ಜಾಗ ಕೊಡುತ್ತಾರೆ. ವಾಸ್ತುಶಿಲ್ಪಿಗಳು, ವಿದ್ಯಾರ್ಥಿಗಳು, ಕಲಾವಿದರು ಯಾರು ಬೇಕಾದರೂ ಬರಬಹುದು. ಉತ್ಸವ ಮುಗಿದ ಮೇಲೆ ಬಹುತೇಕ ತೋಟಗಳನ್ನು ಬಿಚ್ಚಿ ಹಾಕುತ್ತಾರೆ. ನಮ್ಮ ಗಣಪತಿ ಪೆಂಡಾಲಿನ ಹಾಗೆ ಅಂದುಕೊಳ್ಳಿ. ಅಷ್ಟು ಖರ್ಚು, ಅಷ್ಟು ಕಲ್ಪನೆ, ಕೊನೆಗೆ ನೀರಿಗೆ.

ಎಲ್ಲವೂ ಚೆನ್ನಾಗಿರುತ್ತವೆ ಅಂತ ಹೇಳಲಾರೆ. ಮೂರರಲ್ಲಿ ಒಂದು ಬರೀ ಬಣ್ಣದ ಕಂಬ, ಕನ್ನಡಿ, ಒಂದು ಉದ್ದನೆಯ ವಿವರಣೆಯ ಫಲಕ. ಬೋರ್ಡ್ ಓದಿದರೆ ಮಾತ್ರ ಅರ್ಥವಾಗುವ ತೋಟ ನನಗೆ ಸೇರೋದಿಲ್ಲ. ಆದರೆ ಮಿಕ್ಕವುಗಳಲ್ಲಿ ಮನೆಗೆ ತರುವಂಥ ಉಪಾಯಗಳು ಸಿಗುತ್ತವೆ. ನಿಮ್ಮ ತಾರಸಿಗಿಂತ ಸ್ವಲ್ಪ ದೊಡ್ಡ ಜಾಗ ಅಷ್ಟೇ. ಅಷ್ಟರಲ್ಲೇ ನೀರು, ನೆರಳು, ಕೂರುವ ಜಾಗ ಎಲ್ಲ ಹೊಂದಿಸಿರುತ್ತಾರೆ. ನೋಟ್‌ಬುಕ್ ಇಟ್ಟುಕೊಳ್ಳಿ.

ಶೋಮೋಂಗೆ ನಮ್ಮ ದೇಶದ ನಂಟೂ ಒಂದಿದೆ. 19ನೇ ಶತಮಾನದ ಕೊನೆಗೆ ಈ ಅರಮನೆ ಸಕ್ಕರೆ ವ್ಯಾಪಾರಿಯ ಮಗಳು ಮರಿ ಸೇ ಮತ್ತು ಅವಳ ಗಂಡ ಬ್ರೋಯ್ ರಾಜಕುಮಾರನದ್ದು. ಅವರು ಇಂಡಿಯಾಕ್ಕೆ ಬಂದಾಗ ಕಪೂರ್ತಲಾ ಮಹಾರಾಜರು ಒಂದು ಆನೆ ಉಡುಗೊರೆ ಕೊಟ್ಟರು. ಆನೆ ಅಷ್ಟು ದೂರ ಹೋಗಿ ಇಲ್ಲಿನ ಕುದುರೆ ಲಾಯದ ಪಕ್ಕದಲ್ಲೇ ಇತ್ತು. ಲಾಯ ಈಗಲೂ ಇದೆ, ತಪ್ಪದೆ ನೋಡಿ. ಆ ಕಾಲದ ಕುದುರೆಗಳಿಗೆ ಸಿಕ್ಕ ಸೌಕರ್ಯ ಈಗಿನ ಎಷ್ಟೋ ಲಾಡ್ಜ್‌ಗಳಲ್ಲಿ ಸಿಗೋದಿಲ್ಲ.

ಇನ್ನು ಜಾರ್ದಾಂ ಪ್ಲೂಮ್. ಪ್ಲೂಮ್ ಅಂದರೆ ಗರಿ. ನಾರ್ಮಂಡಿಯಲ್ಲಿ, ರೂಆಂ ನಗರದ ಪೂರ್ವಕ್ಕೆ, ಬಟ್ಟಂಬಯಲು ಹೊಲಗಳ ನಡುವೆ ಇದೆ. ಅರಮನೆ ಇಲ್ಲ, ರಾಜನ ಕಥೆ ಇಲ್ಲ. ನರ್ಸರಿ ನಡೆಸುವ ಪಾತ್ರಿಕ್ ಮತ್ತು ಸಿಲ್ವಿ ಕಿಬೆಲ್ ದಂಪತಿ 1996ರಲ್ಲಿ ಹಳೆಯ ಸೇಬಿನ ತೋಪಿದ್ದ ಜಾಗ ಹಿಡಿದು ಶುರುಮಾಡಿದರು. ಅವರು ಮಾಡಿದ್ದು ನೋಡಿ. ಸೇಬಿನ ಮರಗಳ ಕೆಳಗಿನ ಹುಲ್ಲನ್ನು ಪೂರ್ತಿ ಕತ್ತರಿಸಲಿಲ್ಲ. ಚದುರಂಗದ ಮಣೆ ಥರ ದಾರಿಗಳನ್ನು ಮಾತ್ರ ನುಣ್ಣಗೆ ಕತ್ತರಿಸಿ, ಚೌಕಗಳೊಳಗೆ ಹುಲ್ಲನ್ನು ಎದೆಮಟ್ಟ ಬೆಳೆಯಲು ಬಿಟ್ಟರು. ಗೆರೆ 17ನೇ ಶತಮಾನದ ರಾಜರ ತೋಟಗಾರ ಲ ನೋತ್ರ್ ಕಾಲದ್ದು, ಒಳಗಿನ ಜೀವ ಹೊಲದ್ದು. ನೆಲಕ್ಕೆ ಸಮನಾದ ಚೌಕದ ಕೊಳ ಒಂದಿದೆ, ಅದರಲ್ಲಿ ಆಕಾಶ ಬಿಟ್ಟರೆ ಇನ್ನೇನೂ ಇಲ್ಲ. ಒಂದು ಕಡೆ ಬೇಲಿಯನ್ನು ಅಲೆ ಅಲೆಯಾಗಿ ಕತ್ತರಿಸಿದ್ದಾರೆ, ಅದರ ಹಿಂದೆ ಗಾಳಿಗೆ ಹುಲ್ಲಿನ ತೆನೆಗಳು ಓಲಾಡುತ್ತವೆ. ಅದು ನಿಜವಾಗಿ ಕಳೆಗಟ್ಟುವುದು ಸೆಪ್ಟೆಂಬರ್‌ನಲ್ಲಿ. ಜೂನ್‌ನಲ್ಲಿ ನಿಮಗೆ ಅದರ ಅರ್ಧ ಸಿಗಬಹುದು. ಅರ್ಧವೂ ಸಾಕು. ಪಟ್ಟಿಯಲ್ಲಿ ನನಗೆ ತೀರಾ ಹತ್ತಿರದ್ದು ಇದೇ. ವಾರದ ಎಲ್ಲ ದಿನ ತೆರೆದಿರೋದಿಲ್ಲ, ಹೊರಡುವ ಮೊದಲು ದಿನ ನೋಡಿಕೊಳ್ಳಿ.

ಹೊಸ ತೋಟಗಳ ಹಿಂದಿನ ಯೋಚನೆ ತಿಳಿಯಬೇಕಾದರೆ ಜಿಲ್ ಕ್ಲೆಮಾಂ ಹೆಸರು ಕೇಳಿರಬೇಕು. ಫ್ರಾನ್ಸಿನ ನಡುಭಾಗದ ಕ್ರೋಜ್ ಸೀಮೆಯವರು. 1977ರಲ್ಲಿ ಪಾಳುಬಿದ್ದ ಒಂದಷ್ಟು ಜಮೀನು ಕೊಂಡು, ಗಿಡಗಳು ಎಲ್ಲಿ ಹುಟ್ಟುತ್ತವೋ ಅಲ್ಲೇ ಇರಲಿ ಅಂತ ಬಿಟ್ಟರು. ಆಳೆತ್ತರ ಮೀರಿ ಬೆಳೆಯುವ ಜೈಂಟ್ ಹಾಗ್‌ವೀಡ್ ಅನ್ನುವ ಗಿಡ ಹೂಬಿಟ್ಟು, ಬೀಜ ಚೆಲ್ಲಿ ಸಾಯುತ್ತದೆ. ಮುಂದಿನ ವರ್ಷ ಬೇರೆ ಕಡೆ, ಒಮ್ಮೊಮ್ಮೆ ದಾರಿಯ ನಡುವೆಯೇ, ಹುಟ್ಟುತ್ತದೆ. ಮಾಲಿ ಏನು ಮಾಡಬೇಕು? ಕ್ಲೆಮಾಂ ಗಿಡ ಕೀಳಲಿಲ್ಲ, ದಾರಿಯನ್ನೇ ಪಕ್ಕಕ್ಕೆ ಸರಿಸಿದರು. ಹೀಗೆ ವರ್ಷ ವರ್ಷವೂ ತೋಟದ ನಕ್ಷೆ ಬದಲಾಗುತ್ತದೆ. ಇದನ್ನೇ ಅವರು ‘ಚಲಿಸುವ ತೋಟ’ ಅನ್ನುತ್ತಾರೆ. ಪ್ರಕೃತಿಯ ಜತೆ ಆದಷ್ಟು ಹೆಚ್ಚು, ವಿರುದ್ಧ ಆದಷ್ಟು ಕಡಿಮೆ ಅನ್ನೋದು ಅವರ ಮಾತು. ಹೊಂಗೆ ಸಸಿ ಕಾಂಪೌಂಡ್ ಬುಡದಲ್ಲಿ ತಾನೇ ಹುಟ್ಟಿದಾಗ ಕೀಳಲು ಮನಸ್ಸು ಬಾರದೆ ಬಿಟ್ಟ ಅನುಭವ ನಿಮಗೂ ಇರಬೇಕು, ಅಲ್ವಾ? ಅದನ್ನೇ ಒಂದು ಕಸುಬು ಮಾಡಿಕೊಂಡವರು ಇವರು. ಮೆಡಿಟರೇನಿಯನ್ ದಂಡೆಯ ರಯೋಲ್‌ನಲ್ಲಿ ಅವರು ರೂಪಿಸಿದ ದೊಡ್ಡ ತೋಟವನ್ನು ಸಾರ್ವಜನಿಕರು ನೋಡಬಹುದು, ಆದರೆ ಅದು ದೂರ. ಈ ಸಲ ಬೇಡ.

ಜಿವೆರ್ನಿ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಚಿತ್ರಕಾರ ಕ್ಲೋದ್ ಮೊನೆ 1883ರಿಂದ 1926ರಲ್ಲಿ ಸಾಯುವವರೆಗೆ ಇದ್ದ ಮನೆ. ಎಲ್ಲರೂ ಬಣ್ಣದ ಬಗ್ಗೆ ಮಾತಾಡುತ್ತಾರೆ, ನಾನು ಕೆಲಸದ ಬಗ್ಗೆ ಹೇಳುತ್ತೇನೆ. 1893ರಲ್ಲಿ ಮೊನೆ ಕೊಳಕ್ಕಾಗಿ ಜಾಗ ಕೊಂಡು, ಹೊಳೆಯ ಒಂದು ಕವಲಿನಿಂದ ನೀರು ತಿರುಗಿಸಿಕೊಳ್ಳಲು ಅನುಮತಿ ಕೇಳಿದಾಗ ಊರವರು ತಕರಾರು ತೆಗೆದರು. ಈ ಪರದೇಶದ ಗಿಡಗಳಿಂದ ನೀರು ಕೆಟ್ಟು ಹೋದರೆ ಏನು ಗತಿ ಅಂತ. ಊರವರ ಭಯ ನನಗೆ ಅರ್ಥವಾಗುತ್ತದೆ. ಕೆರೆ ತುಂಬ ಅಂತರಗಂಗೆ ಹಬ್ಬಿದ್ದನ್ನು ನೋಡಿದವರಲ್ಲವೇ ನಾವು? ಕೊನೆಗೆ ಅನುಮತಿ ಸಿಕ್ಕಿತು. ಆಮೇಲೆ ಕೊಳ ನೋಡಿಕೊಳ್ಳಲೆಂದೇ ಒಬ್ಬ ಮಾಲಿ. ಪಕ್ಕದ ರಸ್ತೆಯ ಧೂಳು ಎಲೆಗಳ ಮೇಲೆ ಕೂರುತ್ತದೆ ಅಂತ ರಸ್ತೆಗೆ ಡಾಂಬರು ಹಾಕಲು ಮೊನೆ ತಾನೇ ದುಡ್ಡು ಕೊಟ್ಟ.

ಆ ಹೂಗಳು ತಾವರೆ ಅಲ್ಲ, ನೈದಿಲೆ. ಯುರೋಪಿನ ಚಳಿ ತಡೆಯುವ ನೈದಿಲೆ ಮೊದಲು ಬಿಳಿ ಬಣ್ಣದ್ದು ಮಾತ್ರ ಇತ್ತು. ನೈಋತ್ಯ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಲತೂರ್-ಮಾರ್ಲಿಯಾಕ್ ಅನ್ನುವವನು 1875ರಲ್ಲಿ ನರ್ಸರಿ ಶುರುಮಾಡಿ, ಬೇರೆ ದೇಶದ ಬಣ್ಣದ ಜಾತಿಗಳ ಜತೆ ತಳಿ ಬೆರೆಸಿ ಹಳದಿ, ಗುಲಾಬಿ, ಕೆಂಪು ನೈದಿಲೆಗಳನ್ನು ಮಾಡಿದ. 1889ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ಅವನ್ನು ಇಟ್ಟ. ಮೊನೆ ತನ್ನ ಕೊಳಕ್ಕೆ ತರಿಸಿದ್ದು ಅವನ ಹತ್ತಿರವೇ. ಜಗತ್ತಿನ ಮ್ಯೂಸಿಯಂಗಳಲ್ಲಿ ತೂಗುತ್ತಿರುವ ಆ ಚಿತ್ರಗಳ ಹಿಂದೆ ಒಬ್ಬ ನರ್ಸರಿಯವನ ವರ್ಷಗಟ್ಟಲೆ ದುಡಿಮೆ ಇದೆ. ಅವನ ಹೆಸರು ಎಷ್ಟು ಜನಕ್ಕೆ ಗೊತ್ತು?

ಮೊನೆ ಹೋದ ಮೇಲೆ ಇದೂ ಪಾಳುಬಿತ್ತು. ಈಗ ನೀವು ನೋಡುವ ತೋಟವನ್ನು 1977ರಿಂದ ಮತ್ತೆ ಕಟ್ಟಿ 1980ರಲ್ಲಿ ಜನರಿಗೆ ತೆರೆದರು. ಆಗಲೇ ಹೇಳಿದೆನಲ್ಲ, ಎರಡನೇ ಸಲ ಎಳೆದ ಗೆರೆ. ಜೂನ್‌ನಲ್ಲಿ ಗುಲಾಬಿ ಚೆನ್ನಾಗಿರುತ್ತದೆ. ನೈದಿಲೆ ತುಂಬಿಕೊಳ್ಳುವುದು ಜುಲೈ-ಆಗಸ್ಟ್‌ನಲ್ಲಿ. ಒಂದೇ ಕಷ್ಟ, ಜನ. ದಸರಾ ಸಮಯದ ಅರಮನೆ ನೆನಪಿಸಿಕೊಳ್ಳಿ. ಸೇತುವೆ ಮೇಲೆ ನಿಲ್ಲಲು ಸಾಲು. ಪ್ಯಾರಿಸ್‌ನ ಸಾಂ-ಲಜಾರ್ ನಿಲ್ದಾಣದಿಂದ ಬೆಳಗಿನ ರೈಲು ಹಿಡಿದು ವೆರ್ನೋಂನಲ್ಲಿ ಇಳಿಯಿರಿ. ಅಲ್ಲಿಂದ ಐದಾರು ಕಿಲೋಮೀಟರ್, ಬಸ್ಸಿದೆ. ಬಾಗಿಲು ತೆರೆಯುವಾಗಲೇ ಒಳಗೆ ಹೋಗಿ, ಹೂವಿನ ಪಾತಿಗಳನ್ನು ಆಮೇಲೆ ನೋಡಿದರಾಯಿತು, ನೇರ ಕೊಳಕ್ಕೆ ನಡೆಯಿರಿ.

ದೋರ್ದೋನ್ ಯಾಕೆ ಬಿಟ್ಟಿರಿ ಅಂತ ಕೇಳಬಹುದು. ದೂರ ಅನ್ನೋದೇ ಕಾರಣ. ಮುಂದಿನ ಸಲಕ್ಕೆ ಎರಡು ಹೆಸರು ಬರೆದಿಟ್ಟುಕೊಳ್ಳಿ. ಮಾರ್ಕೆಸಾಕ್‌ನಲ್ಲಿ ನದಿಯ ಮೇಲಿನ ಬಂಡೆಯ ಏಣಿನುದ್ದಕ್ಕೂ 1,50,000 ಬಾಕ್ಸ್‌ವುಡ್ ಗಿಡಗಳನ್ನು ದುಂಡುದುಂಡಗೆ ಕತ್ತರಿಸಿದ್ದಾರೆ. ಕುರಿಮಂದೆ ಮಲಗಿದ ಹಾಗೆ ಕಾಣುತ್ತದೆ. ಎರಿನ್ಯಾಕ್‌ನಲ್ಲಿ ಹಾರ್ನ್‌ಬೀಮ್ ಮರಗಳ ಓಣಿ. ಅಲ್ಲಿ ಇನ್ನೂ ಕೈಗತ್ತರಿಯಲ್ಲೇ ಕತ್ತರಿಸುತ್ತಾರೆ, ನೇರ ಇದೆಯಾ ಅಂತ ಗಾರೆಯವರ ತೂಗುಗುಂಡು ಹಿಡಿದು ನೋಡುತ್ತಾರೆ. ಆ ಮನೆತನ ಅಲ್ಲಿ 500 ವರ್ಷದಿಂದ ಇದೆ, ತೋಟದ ಈಗಿನ ರೂಪ ಮಾತ್ರ 1960ರ ದಶಕದ್ದು!

ಬಾಕ್ಸ್‌ವುಡ್ ಹೆಸರು ಬಂತಲ್ಲ, ಅದರ ಕಷ್ಟವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಪಾರ್ಕಿನ ಅಂಚಿಗೆ ಡುರಾಂಟಾ ಹಾಕುವ ಹಾಗೆ ಅಲ್ಲಿ ನೂರಾರು ವರ್ಷಗಳಿಂದ ಈ ಸಣ್ಣೆಲೆಯ ಗಿಡ ಹಾಕುತ್ತಾ ಬಂದಿದ್ದಾರೆ. ಪೂರ್ವ ಏಷ್ಯಾದ ಒಂದು ಪತಂಗ 2007ರ ಹೊತ್ತಿಗೆ ಯುರೋಪಿಗೆ ಬಂತು. ಅದರ ಹಸಿರು ಹುಳು ಕೆಲವೇ ದಿನದಲ್ಲಿ ಇಡೀ ಬೇಲಿಯನ್ನು ಕಡ್ಡಿ ಮಾಡಿಬಿಡುತ್ತದೆ. ಜತೆಗೆ ಬೂಷ್ಟು ರೋಗ ಬೇರೆ. ಕೆಲವರು ಬಲೆ ಇಟ್ಟು, ಬ್ಯಾಕ್ಟೀರಿಯಾದ ಔಷಧಿ ಸಿಂಪಡಿಸಿ ಉಳಿಸಿಕೊಳ್ಳುತ್ತಿದ್ದಾರೆ, ಕೆಲವರು ಕಿತ್ತು ಬೇರೆ ಗಿಡ ಹಾಕುತ್ತಿದ್ದಾರೆ. ವೋ-ಲ-ವಿಕೋಂತ್‌ನಲ್ಲಿ ಏನು ಮಾಡಿದರು ಗೊತ್ತಾ? 2019ರಲ್ಲಿ ದೊಡ್ಡ ಕಸೂತಿ ಪಾತಿಗಳ ಸತ್ತ ಬಾಕ್ಸ್‌ವುಡ್ ಕಿತ್ತು, ಆ ಜಾಗದಲ್ಲಿ ಅಲ್ಯೂಮಿನಿಯಂ ಪಟ್ಟಿಗಳನ್ನು ರಿಬ್ಬನ್ ಥರ ನಿಲ್ಲಿಸಿದರು. 17ನೇ ಶತಮಾನದ ತೋಟದಲ್ಲಿ ಹೊಳೆಯುವ ಲೋಹ! ಅನೇಕರು ಮೂಗು ಮುರಿದರು. ನನಗೆ ತಪ್ಪು ಅನ್ನಿಸಲಿಲ್ಲ.

ಓಡಾಟದ ವಿಷಯ ಚುಟುಕಾಗಿ ಹೇಳುತ್ತೇನೆ. ಲ್ವಾರ್‌ಗೆ ಮೂರು ರಾತ್ರಿ ಇಡಿ, ತೂರ್‌ನಲ್ಲೋ ಆಂಬ್ವಾಸ್‌ನಲ್ಲೋ ಒಂದೇ ಕಡೆ ಉಳಿಯಿರಿ. ಪ್ಯಾರಿಸ್‌ನಿಂದ ತೂರ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಶೋಮೋಂಗೆ ನದಿಯ ಆಚೆ ದಡದ ಓಂಜಾಂ ನಿಲ್ದಾಣದಲ್ಲಿ ಇಳಿಯಬೇಕು. ಜಾರ್ದಾಂ ಪ್ಲೂಮ್‌ಗೆ ಮಾತ್ರ ಕಾರು ಬೇಕು. ಮಗ ಓಡಿಸಲಿ, ಜಿವೆರ್ನಿಯನ್ನೂ ಅದೇ ಪ್ರಯಾಣದಲ್ಲಿ ಸೇರಿಸಿ, ಒಂದು ರಾತ್ರಿ ನಾರ್ಮಂಡಿಯಲ್ಲಿ ಉಳಿಯಿರಿ. ಜೂನ್ ಮೊದಲ ವಾರಾಂತ್ಯ ಸಿಕ್ಕರೆ ಬಿಡಬೇಡಿ. ಆ ದಿನಗಳಲ್ಲಿ ದೇಶದಾದ್ಯಂತ ತೋಟಗಳ ಹಬ್ಬ, ಎಂದೂ ಬಾಗಿಲು ತೆರೆಯದ ಖಾಸಗಿ ತೋಟಗಳೂ ಜನರನ್ನು ಒಳಗೆ ಬಿಡುತ್ತವೆ. ಒಮ್ಮೊಮ್ಮೆ ಮನೆಯ ಅಜ್ಜಿಯೇ ಬಂದು ಗಿಡ ತೋರಿಸುತ್ತಾರೆ. ಗೈಡ್ ಅಂದರೆ ಅವರು!

ಗೈಡ್ ಬೇಕೇ ಬೇಕು ಅನ್ನಿಸಿದರೆ ಯಾವುದಾದರೂ ಒಂದು ತೋಟದಲ್ಲಿ, ಅಲ್ಲಿಯದೇ ಗೈಡನ್ನು ಒಂದು ಗಂಟೆಗೆ ತೆಗೆದುಕೊಳ್ಳಿ. ಕಟ್ಟಿಸಿದ ರಾಜನ ಬಗ್ಗೆ ಕೇಳಬೇಡಿ. ನೀರು ಎಲ್ಲಿಂದ ಬರುತ್ತದೆ, ಎಷ್ಟು ಜನ ಮಾಲಿಗಳಿದ್ದಾರೆ, ಕತ್ತರಿಸಿದ ಸೊಪ್ಪು ಏನಾಗುತ್ತದೆ ಅಂತ ಕೇಳಿ. ಬಾಯಿಪಾಠ ಒಪ್ಪಿಸುವ ಗೈಡೂ ಆಗ ಮನುಷ್ಯರ ಹಾಗೆ ಮಾತಾಡಲು ಶುರುಮಾಡುತ್ತಾರೆ.

ಊಟ: ಹಳ್ಳಿ ಹೋಟೆಲುಗಳು ಮಧ್ಯಾಹ್ನ ಹನ್ನೆರಡರಿಂದ ಎರಡು. ಎರಡೂಕಾಲಿಗೆ ಹೋದರೆ ಅಡುಗೆಮನೆ ಬಂದ್. ಸಸ್ಯಾಹಾರಿಗಳಾದರೆ ಈರುಳ್ಳಿ ಸೂಪ್ ಅಂತ ನಂಬಿ ಕುಡಿಯಬೇಡಿ, ಸಾಮಾನ್ಯವಾಗಿ ದನದ ಮೂಳೆಯ ಸಾರಿನಲ್ಲಿ ಮಾಡಿರುತ್ತಾರೆ. ಬ್ರೆಡ್ಡು, ಚೀಸು, ಹಣ್ಣು ಚೀಲದಲ್ಲಿರಲಿ, ಜತೆಗೆ ನಿಮ್ಮ ಚಟ್ನಿಪುಡಿ. ಇನ್ನೊಂದು, ತೋಟದ ಅಂಗಡಿಗಳಲ್ಲಿ ಬೀಜ, ಗೆಡ್ಡೆ ಕಂಡು ಕೈ ತುರಿಸುತ್ತದೆ. ಅನುಮತಿ ಮತ್ತು ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಇಂಡಿಯಾಕ್ಕೆ ತರುವ ಹಾಗಿಲ್ಲ. ಬಾಕ್ಸ್‌ವುಡ್‌ಗೆ ಬಂದ ಗತಿ ನೋಡಿದಿರಲ್ಲ, ನಿಯಮ ಇರೋದು ಅದಕ್ಕೇ. ಒಳ್ಳೆಯ ಕತ್ತರಿ ಕೊಂಡುಕೊಳ್ಳಿ, ಆದರೆ ಅದನ್ನು ವಿಮಾನದ ಕೈಚೀಲದಲ್ಲಿ ಇಡಬೇಡಿ.

ಕೊನೆಯದು ಯಜಮಾನರ ವಿಷಯ. ಅವರಿಗಾಗಿಯೇ ವೋ-ಲ-ವಿಕೋಂತ್ ಉಳಿಸಿಕೊಂಡಿದ್ದೇನೆ. ಪ್ಯಾರಿಸ್‌ನಿಂದ ಆಗ್ನೇಯಕ್ಕೆ ಸುಮಾರು 55 ಕಿಲೋಮೀಟರ್. ಖಜಾನೆ ಇಲಾಖೆಯವರಿಗೆ ಇದರ ಕಥೆ ಹಿಡಿಸದೇ ಇರೋದಿಲ್ಲ. ಕಟ್ಟಿಸಿದವನು 14ನೇ ಲೂಯಿಯ ಹಣಕಾಸು ಮುಖ್ಯಸ್ಥ ನಿಕೊಲಾ ಫೂಕೆ. ಕಟ್ಟಡಕ್ಕೆ ಲ ವೋ, ಚಿತ್ರಕ್ಕೆ ಲ ಬ್ರಾಂ, ತೋಟಕ್ಕೆ ಆಂದ್ರೆ ಲ ನೋತ್ರ್, ಮೂವರನ್ನೂ ಸೇರಿಸಿದ. 1661ರ ಆಗಸ್ಟ್ 17ರಂದು ರಾಜನನ್ನು ಕರೆದು ಊಟ, ನಾಟಕ, ಪಟಾಕಿ ಎಲ್ಲ ಮಾಡಿಸಿದ. ಸೆಪ್ಟೆಂಬರ್ 5ಕ್ಕೆ ಫೂಕೆ ಅರೆಸ್ಟ್. ಮುಂದೆ 1680ರಲ್ಲಿ ಸೆರೆಯಲ್ಲೇ ಸತ್ತ. ಖಜಾನೆ ಹಣ ತಿಂದಿದ್ದಾನೆ ಅಂತ ಮೊದಲೇ ರಾಜನ ಕಿವಿಗೆ ದೂರು ಬಿದ್ದಿತ್ತು, ಔತಣ ನೋಡಿ ಬಂದ ಬರೀ ಹೊಟ್ಟೆಕಿಚ್ಚಲ್ಲ. ಆದರೆ ಅಂಥ ಲೆಕ್ಕಪತ್ರ ಇಟ್ಟುಕೊಂಡು ಅಂಥ ಔತಣ ಕೊಡಬಾರದಿತ್ತು ಅಂತ ಯಜಮಾನರು ಖಂಡಿತ ಹೇಳುತ್ತಾರೆ. ರಾಜ ಆ ಮೂವರನ್ನೂ ವರ್ಸೈ ಕೆಲಸಕ್ಕೆ ಎಳೆದುಕೊಂಡ, ಇಲ್ಲಿನ ಕಿತ್ತಳೆ ಗಿಡಗಳನ್ನೂ ಬಿಡಲಿಲ್ಲ. 1875ರಲ್ಲಿ ಆಲ್ಫ್ರೆಡ್ ಸೊಮಿಯೆ ಅನ್ನುವ ಸಕ್ಕರೆ ಉದ್ಯಮಿ ಕೊಂಡಾಗ ತೋಟ ಹಾಳುಬಿದ್ದಿತ್ತು, ಅವನೇ ಮತ್ತೆ ಎತ್ತಿ ನಿಲ್ಲಿಸಿದ್ದು. ಮಂಡಿನೋವಿನವರಿಗೆ ಬಾಡಿಗೆಗೆ ಬ್ಯಾಟರಿ ಗಾಡಿ ಸಿಗುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಬೇಸಿಗೆಯ ಶನಿವಾರ ಸಂಜೆಗಳಲ್ಲಿ ಸಾವಿರಾರು ಮೊಂಬತ್ತಿ ಹಚ್ಚುತ್ತಾರೆ. ಜೂನ್‌ನಲ್ಲಿ ಕತ್ತಲಾಗುವುದೇ ರಾತ್ರಿ ಹತ್ತರ ಮೇಲೆ, ವಾಪಸ್ ಬರುವ ಏರ್ಪಾಟು ಮಾಡಿಕೊಂಡೇ ಹೋಗಿ.

ಈಗ ನಿಮಗೆ ಮಾತ್ರ ಒಂದು ಗುಟ್ಟು, ಅವರಿಗೆ ಹೇಳಬೇಡಿ. ಅರಮನೆಯ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ನಿಲ್ಲಿ. ಇಡೀ ತೋಟ ಒಂದೇ ನೋಟಕ್ಕೆ ಕಾಣುತ್ತದೆ, ಕೊನೆಯಲ್ಲಿ ಕಮಾನುಗಳ ಒಂದು ಕಲ್ಲಿನ ಗೋಡೆ. ಅದರ ಮುಂದೆಯೇ ಚೌಕದ ಕೊಳ. ‘ಅಷ್ಟೇ ತಾನೇ, ಹತ್ತು ನಿಮಿಷಕ್ಕೆ ಮುಟ್ಟಬಹುದು’ ಅನ್ನಿಸುತ್ತದೆ. ಹೊರಡಿ. ನಡೆದಷ್ಟೂ ಗೋಡೆ ದೂರ ಸರಿಯುತ್ತದೆ. ಲ ನೋತ್ರ್ ದೂರದ ಕೊಳಗಳನ್ನು ಹತ್ತಿರದವಕ್ಕಿಂತ ದೊಡ್ಡದು ಮಾಡಿ, ನೆಲವನ್ನು ಹಂತ ಹಂತವಾಗಿ ಇಳಿಸಿ ಕಣ್ಣಿಗೆ ಮಣ್ಣೆರಚಿದ್ದಾನೆ. ಚೌಕದ ಕೊಳ ದಾಟಿ ಅಂಚಿಗೆ ಬಂದಾಗ, ಗೋಡೆಗೂ ನಿಮಗೂ ನಡುವೆ, ಅಡ್ಡಲಾಗಿ, ಮುಕ್ಕಾಲು ಕಿಲೋಮೀಟರ್‌ಗೂ ಉದ್ದದ ಕಾಲುವೆ ಬಾಯ್ತೆರೆದುಕೊಂಡಿರುತ್ತದೆ. ಮೆಟ್ಟಿಲ ಮೇಲಿಂದ ಅದರ ಸುಳಿವೇ ಇರಲಿಲ್ಲ. ಆ ಹೊತ್ತಿನಲ್ಲಿ ನೀವು ಕಾಲುವೆ ನೋಡಬೇಡಿ, ಯಜಮಾನರ ಮುಖ ನೋಡಿ. ಆಚೆ ದಡಕ್ಕೆ ಹೋಗಲು ಸುತ್ತಿಕೊಂಡು ಹೋಗಬೇಕು, ಬ್ಯಾಟರಿ ಗಾಡಿ ನೆನಪಿರಲಿ.